ನಾಳೆಯ ಬೆಲೆ, ಇಂದಿನ ಬಡ್ಡಿಲೆಕ್ಕ

ಒಂದು ಕಂಪನಿಯ ಷೇರು ಇಂದು 1,000 ರೂಪಾಯಿಗೆ ಸಿಗುತ್ತದೆ. ಅದೇ ಷೇರನ್ನು ಮೂರು ತಿಂಗಳ ನಂತರ ಕೊಡುವ ಫ್ಯೂಚರ್ಸ್ ಕರಾರು 1,015 ರೂಪಾಯಿಗೆ ವಹಿವಾಟಾಗುತ್ತದೆ. ಷೇರು ಏರುತ್ತದೆ ಎಂದು ಮಾರುಕಟ್ಟೆ ನಂಬಿರುವುದರಿಂದಲೇ ಆ 15 ರೂಪಾಯಿ ಹೆಚ್ಚಾಗಿದೆ ಎಂದು ಬಹಳಷ್ಟು ಜನ ತಿಳಿಯುತ್ತಾರೆ. ಟಿ.ವಿ. ಚರ್ಚೆಗಳಲ್ಲೂ ಈ ತಿಳಿವಳಿಕೆ ಆಗಾಗ ಕಾಣುತ್ತದೆ. ಆದರೆ ಷೇರು ಏರುವುದಕ್ಕೂ ಬೀಳುವುದಕ್ಕೂ ಆ 15 ರೂಪಾಯಿಗೂ ಸಂಬಂಧವಿಲ್ಲ. ಬಡ್ಡಿದರ ವರ್ಷಕ್ಕೆ ಶೇ 6 ಇದ್ದಾಗ 1,000 ರೂಪಾಯಿಗೆ ಮೂರು ತಿಂಗಳಿಗೆ ಬೀಳುವ ಬಡ್ಡಿ ಅದು, ಅಷ್ಟೇ. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬೆಲೆಗಳ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿಯೇ ಇದು: ಅವು ಭವಿಷ್ಯ ನುಡಿಯುವುದಿಲ್ಲ. ಇಂದಿನ ಬೆಲೆ, ಬಡ್ಡಿ, ಸಮಯ ಮತ್ತು ಏರಿಳಿತ ಇವುಗಳ ಲೆಕ್ಕದಿಂದ ಹುಟ್ಟುತ್ತವೆ. ಆ ಲೆಕ್ಕ ತಪ್ಪಿದ ಕ್ಷಣ ಅದರಿಂದ ಲಾಭ ಮಾಡಿಕೊಳ್ಳಲು ಕಾದು ಕುಳಿತವರು ಇದ್ದಾರೆ ಎಂಬ ಕಾರಣಕ್ಕೇ ಲೆಕ್ಕ ಸರಿಯಾಗಿ ನಿಲ್ಲುತ್ತದೆ.

ಫ್ಯೂಚರ್ಸ್ ಎಂದರೆ ನಿಗದಿತ ದಿನ, ನಿಗದಿತ ಬೆಲೆಗೆ, ನಿಗದಿತ ಪ್ರಮಾಣದ ವಸ್ತುವನ್ನು ಕೊಳ್ಳುವ ಅಥವಾ ಮಾರುವ ಕರಾರು. ಇಬ್ಬರೂ ಅದಕ್ಕೆ ಬದ್ಧರು. ನಡುವೆ ವಿನಿಮಯ ಕೇಂದ್ರದ ಕ್ಲಿಯರಿಂಗ್ ನಿಗಮ ನಿಂತು ಇಬ್ಬರಿಂದಲೂ ಮಾರ್ಜಿನ್ ಹಣ ಪಡೆಯುತ್ತದೆ, ಪ್ರತಿದಿನದ ಲಾಭ ನಷ್ಟವನ್ನು ಅಂದಂದೇ ಲೆಕ್ಕ ಹಾಕಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಾಕುತ್ತದೆ. ಭಾರತದಲ್ಲಿ 1999ರಲ್ಲಿ ಸೆಕ್ಯುರಿಟೀಸ್ ಕರಾರು ಕಾಯ್ದೆಗೆ ತಿದ್ದುಪಡಿ ಆಯಿತು. 2000ದ ಜೂನ್‌ನಲ್ಲಿ ಸೆನ್ಸೆಕ್ಸ್ ಮತ್ತು ನಿಫ್ಟಿ ಫ್ಯೂಚರ್ಸ್ ಶುರುವಾದವು. ಮರುವರ್ಷ ಸೂಚ್ಯಂಕದ ಆಪ್ಷನ್ಸ್, ಬಿಡಿ ಷೇರುಗಳ ಆಪ್ಷನ್ಸ್, ನವೆಂಬರ್‌ನಲ್ಲಿ ಬಿಡಿ ಷೇರುಗಳ ಫ್ಯೂಚರ್ಸ್ ಬಂದವು. ಅದಕ್ಕೂ ಮೊದಲು ಮುಂಬೈ ದಲಾಲ್ ಸ್ಟ್ರೀಟಿನಲ್ಲಿ ‘ಬದ್ಲಾ’ ಎಂಬ ಪದ್ಧತಿ ಇತ್ತು. ಷೇರು ಕೊಂಡವರು ಹಣ ಕೊಡುವುದನ್ನು ಮುಂದಿನ ಅವಧಿಗೆ ದಾಟಿಸಬೇಕೆಂದರೆ ಅದಕ್ಕೊಂದು ಶುಲ್ಕ ಕಟ್ಟುತ್ತಿದ್ದರು. ಆ ಶುಲ್ಕವೂ ಮೂಲದಲ್ಲಿ ಬಡ್ಡಿಯೇ. 2001ರ ಜುಲೈನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಬದ್ಲಾವನ್ನು ನಿಲ್ಲಿಸಿತು.

ಮತ್ತೆ ಆ 1,000 ರೂಪಾಯಿಯ ಷೇರಿಗೆ ಬಂದರೆ, ಅದರ ಮೂರು ತಿಂಗಳ ಫ್ಯೂಚರ್ಸ್ ಯಾವುದೋ ಉತ್ಸಾಹದಲ್ಲಿ 1,030ಕ್ಕೆ ಏರಿತು ಎಂದಿಟ್ಟುಕೊಳ್ಳಬಹುದು. ಚುರುಕಾದ ವ್ಯಾಪಾರಿ ಶೇ 6ರ ಬಡ್ಡಿಗೆ 1,000 ರೂಪಾಯಿ ಸಾಲ ತರುತ್ತಾನೆ, ಷೇರು ಕೊಳ್ಳುತ್ತಾನೆ, ಅದೇ ಗಳಿಗೆಯಲ್ಲಿ ಫ್ಯೂಚರ್ಸ್ ಅನ್ನು 1,030ಕ್ಕೆ ಮಾರುತ್ತಾನೆ. ಮೂರು ತಿಂಗಳ ನಂತರ ಷೇರು ಒಪ್ಪಿಸಿ 1,030 ಪಡೆದು, ಸಾಲ ಮತ್ತು ಬಡ್ಡಿ ಸೇರಿ 1,015 ತೀರಿಸುತ್ತಾನೆ. ಉಳಿದದ್ದು 15 ರೂಪಾಯಿ. ಈ ಮೂರು ತಿಂಗಳಲ್ಲಿ ಷೇರು 500ಕ್ಕೆ ಬಿದ್ದರೂ, 2,000ಕ್ಕೆ ಏರಿದರೂ ಆ 15 ರೂಪಾಯಿ ಅಲುಗಾಡುವುದಿಲ್ಲ. ಇದಕ್ಕೆ ಆರ್ಬಿಟ್ರೇಜ್ ಎನ್ನುತ್ತಾರೆ. ಒಂದೇ ವಸ್ತು ಎರಡು ಕಡೆ ಎರಡು ಬೆಲೆಗೆ ಸಿಗುವಾಗ ಅಗ್ಗದ ಕಡೆ ಕೊಂಡು ತುಟ್ಟಿಯ ಕಡೆ ಮಾರಿ, ದಿಕ್ಕಿನ ಮೇಲೆ ಬಾಜಿ ಕಟ್ಟದೆ ವ್ಯತ್ಯಾಸವನ್ನು ಗಳಿಸುವುದು. ಇಲ್ಲಿ ಆ ಎರಡು ಕಡೆಗಳು ಎರಡು ಊರುಗಳಲ್ಲ, ಎರಡು ದಿನಾಂಕಗಳು.

ಫ್ಯೂಚರ್ಸ್ 1,005ಕ್ಕೆ ಇಳಿದರೆ ಲೆಕ್ಕ ತಿರುಗಿ ನಿಲ್ಲುತ್ತದೆ. ಈಗಾಗಲೇ ಷೇರು ಹೊಂದಿರುವವರು ಅದನ್ನು 1,000ಕ್ಕೆ ಮಾರಿ, ಹಣವನ್ನು ಬಡ್ಡಿಗೆ ಇಟ್ಟು, ಫ್ಯೂಚರ್ಸ್ ಕೊಳ್ಳುತ್ತಾರೆ. ಮೂರು ತಿಂಗಳಿಗೆ ಕೈಗೆ 1,015 ಬರುತ್ತದೆ, ಷೇರು 1,005ಕ್ಕೆ ಮರಳಿ ಸಿಗುತ್ತದೆ, 10 ರೂಪಾಯಿ ಉಳಿಯುತ್ತದೆ. ಮೊದಲ ಸಂದರ್ಭದಲ್ಲಿ ಎಲ್ಲರೂ ಷೇರು ಕೊಂಡು ಫ್ಯೂಚರ್ಸ್ ಮಾರುವುದರಿಂದ ಅಂತರ ಕುಗ್ಗುತ್ತದೆ. ಎರಡನೆಯದರಲ್ಲಿ ಎಲ್ಲರೂ ಷೇರು ಮಾರಿ ಫ್ಯೂಚರ್ಸ್ ಕೊಳ್ಳುವುದರಿಂದ ಅಂತರ ತುಂಬುತ್ತದೆ. ಯಾರೂ ಆಜ್ಞೆ ಮಾಡದೆಯೇ ಬೆಲೆ 1,015ರ ಸುತ್ತ ಬಂದು ಕೂರುತ್ತದೆ. ನಡುವೆ ಕಂಪನಿ 10 ರೂಪಾಯಿ ಲಾಭಾಂಶ ಕೊಡುವುದಿದ್ದರೆ ಅದು ಷೇರು ಹಿಡಿದವರಿಗೆ ಸಿಗುತ್ತದೆ, ಫ್ಯೂಚರ್ಸ್ ಹಿಡಿದವರಿಗೆ ಸಿಗುವುದಿಲ್ಲ. ಆದ್ದರಿಂದ ನ್ಯಾಯವಾದ ಬೆಲೆಯಲ್ಲಿ ಅಷ್ಟು ಕಳೆದು 1,005 ಎನ್ನಬೇಕು.

ಸೂಚ್ಯಂಕಕ್ಕೂ ಇದೇ ಸೂತ್ರ. ನಿಫ್ಟಿ 25,000ದಲ್ಲಿದ್ದು ಕರಾರಿನ ಮುಕ್ತಾಯಕ್ಕೆ 30 ದಿನ ಉಳಿದಿದ್ದರೆ, ಶೇ 6ರಂತೆ ಬಡ್ಡಿ ಸುಮಾರು 123 ಅಂಶ. ಆ ತಿಂಗಳಲ್ಲಿ 50 ಅಂಶಗಳಷ್ಟು ಲಾಭಾಂಶ ಬರುವುದಿದ್ದರೆ ಫ್ಯೂಚರ್ಸ್ 25,073ರ ಆಸುಪಾಸಿನಲ್ಲಿ ಇರಬೇಕು. ದಿನಗಳು ಕಳೆದಂತೆ ಈ ಅಂತರ ಕರಗಿ, ಮುಕ್ತಾಯದ ದಿನ ಎರಡೂ ಒಂದಾಗುತ್ತವೆ. ಬಹಳಷ್ಟು ಕಂಪನಿಗಳು ಲಾಭಾಂಶ ಕೊಡುವ ಜೂನ್, ಜುಲೈ ತಿಂಗಳಲ್ಲಿ ಫ್ಯೂಚರ್ಸ್ ಸೂಚ್ಯಂಕಕ್ಕಿಂತ ಕೆಳಗಿದ್ದರೆ ಅದನ್ನು ಕುಸಿತದ ಮುನ್ಸೂಚನೆ ಎಂದು ಓದುವುದು ತಪ್ಪು.

ವಾಸ್ತವದಲ್ಲಿ ಬೆಲೆ ಒಂದು ಗೆರೆಯ ಮೇಲೆ ನಿಲ್ಲುವುದಿಲ್ಲ, ಒಂದು ಪಟ್ಟಿಯೊಳಗೆ ಓಡಾಡುತ್ತದೆ. ನಿಫ್ಟಿಯನ್ನು ‘ಕೊಳ್ಳುವುದು’ ಎಂದರೆ 50 ಷೇರುಗಳನ್ನು ಸರಿಯಾದ ಪ್ರಮಾಣದಲ್ಲಿ ಒಟ್ಟಿಗೆ ಕೊಳ್ಳಬೇಕು. ಬ್ರೋಕರ್ ಶುಲ್ಕ, ಸ್ಟ್ಯಾಂಪ್ ಶುಲ್ಕ, ಜಿಎಸ್‌ಟಿ, ಷೇರು ವಹಿವಾಟು ತೆರಿಗೆ ಎಲ್ಲವನ್ನೂ ಕಟ್ಟಬೇಕು. ಫ್ಯೂಚರ್ಸ್ ಮಾರಾಟದ ಮೇಲಿನ ಈ ತೆರಿಗೆಯನ್ನು 2024ರ ಅಕ್ಟೋಬರ್ 1ರಿಂದ ಶೇ 0.0125ರಿಂದ ಶೇ 0.02ಕ್ಕೆ ಏರಿಸಲಾಯಿತು. ಕೇಳುವುದಕ್ಕೆ ಸಣ್ಣ ಸಂಖ್ಯೆ. ಆದರೆ ಶೇ 0.1, ಶೇ 0.2ರ ಅಂತರವನ್ನೇ ನಂಬಿ ಕೆಲಸ ಮಾಡುವವರಿಗೆ ಅದು ದೊಡ್ಡ ಪಾಲು. ಖರ್ಚಿಗಿಂತ ಅಂತರ ಕಡಿಮೆ ಇರುವಷ್ಟು ಹೊತ್ತೂ ಯಾರೂ ಕೈ ಹಾಕುವುದಿಲ್ಲ.

ಈ ಪಟ್ಟಿಯ ಕೆಳ ಅಂಚು ಭಾರತದಲ್ಲಿ ಮೇಲಿನ ಅಂಚಿಗಿಂತ ಸಡಿಲ. ಫ್ಯೂಚರ್ಸ್ ದುಬಾರಿಯಾದಾಗ ಹಣವಿದ್ದವರು ಯಾರು ಬೇಕಾದರೂ ಷೇರು ಕೊಂಡು ಅಂತರವನ್ನು ಮುಚ್ಚಬಹುದು. ಅದು ಅಗ್ಗವಾದಾಗ ಷೇರು ಮಾರಬೇಕು. ಕೈಯಲ್ಲಿ ಷೇರು ಇಲ್ಲದಿದ್ದರೆ ಎರವಲು ತರಬೇಕು. ಷೇರು ಎರವಲು ವ್ಯವಸ್ಥೆ 2008ರಿಂದ ಇದೆಯಾದರೂ ಅಲ್ಲಿ ವಹಿವಾಟು ತೆಳುವು. 2020ರ ಮಾರ್ಚ್‌ನಲ್ಲಿ ಕೊರೊನಾ ಭೀತಿಗೆ ಮಾರುಕಟ್ಟೆ ಕುಸಿಯುತ್ತಿದ್ದಾಗ ನಿಫ್ಟಿ ಫ್ಯೂಚರ್ಸ್ ಸೂಚ್ಯಂಕಕ್ಕಿಂತ ಕೆಳಗೆ ವಹಿವಾಟಾಗಿ, ಆ ಅಂತರ ಬೇಗ ತುಂಬದೆ ಉಳಿದದ್ದಕ್ಕೆ ಇದೂ ಒಂದು ಕಾರಣ.

ಈ ಕೆಲಸವನ್ನೇ ಕಸುಬು ಮಾಡಿಕೊಂಡ ಮ್ಯೂಚುವಲ್ ಫಂಡ್‌ಗಳೂ ಇವೆ. ಆರ್ಬಿಟ್ರೇಜ್ ಫಂಡ್ ಎಂಬ ವರ್ಗದ ಈ ಯೋಜನೆಗಳು ಷೇರು ಕೊಂಡು ಅದರ ಫ್ಯೂಚರ್ಸ್ ಮಾರುತ್ತವೆ. ಮುಕ್ತಾಯದ ವಾರ ಬಂದಾಗ ಹಳೆಯ ತಿಂಗಳ ಫ್ಯೂಚರ್ಸ್ ಅನ್ನು ಮರಳಿ ಕೊಂಡು ಮುಂದಿನ ತಿಂಗಳದ್ದನ್ನು ಮಾರುತ್ತವೆ. ಇದನ್ನು ರೋಲ್‌ಓವರ್ ಎನ್ನುತ್ತಾರೆ. ಹೆಸರಿಗೆ ಷೇರು ಫಂಡ್, ತೆರಿಗೆಯೂ ಷೇರು ಫಂಡಿನದೇ, ಆದರೆ ಸಿಗುವ ಗಳಿಕೆ ಅಲ್ಪಾವಧಿಯ ಬಡ್ಡಿದರದ ಆಸುಪಾಸಿನಲ್ಲಿರುತ್ತದೆ. ಫ್ಯೂಚರ್ಸ್ ಬೆಲೆಯೊಳಗೆ ಇರುವುದು ಬಡ್ಡಿಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಷೇರನ್ನು ಕಾಪಿಡಲು ಗೋದಾಮು ಬೇಡ. ಕಾಫಿಗೆ, ಕಚ್ಚಾ ತೈಲಕ್ಕೆ ಬೇಕು. ಸರಕಿನ ಫ್ಯೂಚರ್ಸ್ ಬೆಲೆಯಲ್ಲಿ ಬಡ್ಡಿಯ ಜೊತೆಗೆ ಗೋದಾಮಿನ ಬಾಡಿಗೆ, ವಿಮೆ, ತೂಕದ ನಷ್ಟವೂ ಸೇರುತ್ತವೆ. ಹಾಗಾದರೆ ದೂರದ ತಿಂಗಳ ಬೆಲೆ ಯಾವಾಗಲೂ ಹೆಚ್ಚಿರಬೇಕಲ್ಲ? ಹೆಚ್ಚಿರುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಇದನ್ನು ಚೆನ್ನಾಗಿ ಬಲ್ಲರು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ರೋಬಸ್ಟಾದ 50 ಕೆ.ಜಿ. ಚೀಲದ ದರ ಲಂಡನ್ ಫ್ಯೂಚರ್ಸ್ ಬೆಲೆಯನ್ನೂ, ಅರೇಬಿಕಾದ ದರ ನ್ಯೂಯಾರ್ಕ್ ಬೆಲೆಯನ್ನೂ ಹಿಂಬಾಲಿಸುತ್ತದೆ. ವಿಯೆಟ್ನಾಂನಲ್ಲಿ ಬರ ಬಿದ್ದು 2024ರಲ್ಲಿ ರೋಬಸ್ಟಾ ಕೊರತೆಯಾದಾಗ ಲಂಡನ್‌ನಲ್ಲಿ ಟನ್ ಬೆಲೆ 5,000 ಡಾಲರ್ ದಾಟಿತು, ಹತ್ತಿರದ ತಿಂಗಳ ಕಾಫಿ ದೂರದ ತಿಂಗಳದ್ದಕ್ಕಿಂತ ದುಬಾರಿಯಾಯಿತು. ಹುರಿಯುವ ಕಾರ್ಖಾನೆಗೆ ಬೀಜ ಈಗಲೇ ಬೇಕು. ದಾಸ್ತಾನು ಕೈಯಲ್ಲಿರುವುದಕ್ಕೇ ಒಂದು ಬೆಲೆ ಬಂದಾಗ ಅದು ಬಡ್ಡಿ, ಬಾಡಿಗೆಗಳನ್ನು ಮೀರಿಸುತ್ತದೆ. ದೂರದ ತಿಂಗಳ ಕಾಫಿ ಅಗ್ಗವಾಗಿದೆ, ಈಗಿನದನ್ನು ಮಾರಿ ಅದನ್ನು ಕೊಳ್ಳೋಣ ಎನ್ನಲು ಮಾರುವಷ್ಟು ಕಾಫಿ ಯಾರ ಗೋದಾಮಿನಲ್ಲೂ ಇರುವುದಿಲ್ಲ.

ತೈಲದಲ್ಲಿ ಆದದ್ದು ಇದಕ್ಕೆ ವಿರುದ್ಧ. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಕಚ್ಚಾ ತೈಲದ ಮೇ ತಿಂಗಳ ಫ್ಯೂಚರ್ಸ್ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ನಲ್ಲಿ ಮುಗಿಯಿತು. ಆ ಕರಾರಿನ ತೈಲವನ್ನು ಓಕ್ಲಹೋಮಾದ ಕುಷಿಂಗ್‌ನಲ್ಲಿ ಪಡೆಯಬೇಕು. ಲಾಕ್‌ಡೌನ್‌ನಿಂದ ಬೇಡಿಕೆ ಸತ್ತು, ಅಲ್ಲಿನ ತೊಟ್ಟಿಗಳಲ್ಲಿ ಖಾಲಿ ಜಾಗ ಸಿಗುವುದೇ ಕಷ್ಟವಾಗಿತ್ತು. ತೈಲ ಕೊಂಡು ಇಟ್ಟುಕೊಂಡು ಮುಂದಿನ ತಿಂಗಳಿಗೆ ಮಾರುವ ಆರ್ಬಿಟ್ರೇಜ್ ಕಾಗದದ ಮೇಲೆ ಭಾರಿ ಲಾಭ ತೋರಿಸುತ್ತಿದ್ದರೂ ಇಡುವ ಜಾಗವಿಲ್ಲದವರು ಅದನ್ನು ಮಾಡುವಂತಿರಲಿಲ್ಲ. ಭಾರತದ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಆ ಕರಾರು ಅಮೆರಿಕದ ಬೆಲೆಯ ಮೇಲೆಯೇ ಇತ್ಯರ್ಥವಾಗಬೇಕಿತ್ತು. ಲಾಕ್‌ಡೌನ್ ಕಾರಣಕ್ಕೆ ಇಲ್ಲಿ ಸಂಜೆ 5ಕ್ಕೇ ವಹಿವಾಟು ಮುಗಿದಿತ್ತು. ಕುಸಿತ ಆದದ್ದು ಇಲ್ಲಿನ ರಾತ್ರಿಯಲ್ಲಿ. ಇತ್ಯರ್ಥದ ಬೆಲೆ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿ ಎಂದು ನಿಗದಿಯಾಯಿತು. 100 ಬ್ಯಾರೆಲ್‌ಗಳ ಒಂದು ಲಾಟ್ ಹಿಡಿದಿದ್ದವರು ಹಾಕಿದ್ದ ಹಣವನ್ನೆಲ್ಲ ಕಳೆದುಕೊಂಡು ಮೇಲೆ ಮತ್ತೆ ಕಟ್ಟಬೇಕಾಯಿತು.

ಆಪ್ಷನ್ಸ್‌ಗೆ ಬಂದರೆ ಲೆಕ್ಕ ಇನ್ನಷ್ಟು ಸೂಕ್ಷ್ಮ. ಆಪ್ಷನ್ ಕೊಂಡವರಿಗೆ ಹಕ್ಕಿದೆ, ಬಾಧ್ಯತೆ ಇಲ್ಲ. ಮೊದಲೇ ಗೊತ್ತುಮಾಡಿದ ‘ಸ್ಟ್ರೈಕ್’ ಬೆಲೆಗೆ ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್. ಈ ಹಕ್ಕಿಗೆ ಕೊಡುವ ಹಣ ಪ್ರೀಮಿಯಂ. ಹಕ್ಕಿನ ಬೆಲೆ ಎಷ್ಟಿರಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಆದರೆ ಒಂದೇ ಸ್ಟ್ರೈಕ್, ಒಂದೇ ಮುಕ್ತಾಯದ ಕಾಲ್ ಮತ್ತು ಪುಟ್‌ಗಳ ನಡುವಿನ ಅಂತರ ಎಷ್ಟಿರಬೇಕು ಎಂಬುದಕ್ಕೆ ಯಾವ ಊಹೆಯೂ ಬೇಡ. ಇದನ್ನು ಪುಟ್–ಕಾಲ್ ಪ್ಯಾರಿಟಿ ಎನ್ನುತ್ತಾರೆ. ಹ್ಯಾನ್ಸ್ ಸ್ಟಾಲ್ 1969ರಲ್ಲಿ ಅದನ್ನು ಕ್ರಮಬದ್ಧವಾಗಿ ಬರೆದರು.

ಷೇರು 1,000, ಸ್ಟ್ರೈಕ್ 1,000, ಅವಧಿ ಮೂರು ತಿಂಗಳು, ಆ ಅವಧಿಯ ಬಡ್ಡಿ ಶೇ 1.5. ಕಾಲ್ 50 ರೂಪಾಯಿಗೂ ಪುಟ್ 28 ರೂಪಾಯಿಗೂ ಸಿಗುತ್ತಿದೆ. ಒಬ್ಬ ವ್ಯಾಪಾರಿ 1,000 ಕೊಟ್ಟು ಷೇರು ಕೊಳ್ಳುತ್ತಾನೆ, 28 ಕೊಟ್ಟು ಪುಟ್ ಕೊಳ್ಳುತ್ತಾನೆ, ಕಾಲ್ ಮಾರಿ 50 ಪಡೆಯುತ್ತಾನೆ. ಒಟ್ಟು ಖರ್ಚು 978. ಮುಕ್ತಾಯದ ದಿನ ಷೇರು 1,000ಕ್ಕಿಂತ ಮೇಲಿದ್ದರೆ ಕಾಲ್ ಕೊಂಡವರು ಬಂದು 1,000 ಕೊಟ್ಟು ಷೇರು ಒಯ್ಯುತ್ತಾರೆ. ಕೆಳಗಿದ್ದರೆ ಪುಟ್ ಹಕ್ಕನ್ನು ಬಳಸಿ ಅವನೇ 1,000ಕ್ಕೆ ಮಾರುತ್ತಾನೆ. ಎರಡರಲ್ಲಿ ಯಾವುದಾದರೂ ಕೈಗೆ ಬರುವುದು 1,000. ಸಾಲ ಮಾಡಿದ 978ಕ್ಕೆ ಬಡ್ಡಿ ಸೇರಿ ತೀರಿಸಬೇಕಾದದ್ದು 992 ರೂಪಾಯಿ 67 ಪೈಸೆ. ಉಳಿದ 7 ರೂಪಾಯಿ 33 ಪೈಸೆ ಖಚಿತ ಲಾಭ. ಇಂಥ ಲಾಭ ಉಳಿಯದಂತೆ ಆಗಬೇಕಾದರೆ ಕಾಲ್ 50 ಇದ್ದಾಗ ಪುಟ್ 35 ರೂಪಾಯಿಯ ಹತ್ತಿರ ಇರಬೇಕು. ಕಾಲ್ ಬೆಲೆ ಪುಟ್‌ಗಿಂತ ಹೆಚ್ಚಿದೆ, ಆದ್ದರಿಂದ ಜನ ಏರಿಕೆ ನಿರೀಕ್ಷಿಸುತ್ತಿದ್ದಾರೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಆ ವ್ಯತ್ಯಾಸವೂ ಬಡ್ಡಿಯಿಂದ ಬಂದದ್ದು. ಈ ಲೆಕ್ಕ ಮುಕ್ತಾಯದ ದಿನ ಮಾತ್ರ ಚಲಾಯಿಸಬಹುದಾದ ಯುರೋಪಿಯನ್ ಮಾದರಿಯ ಆಪ್ಷನ್‌ಗಳಿಗೆ ಸರಿಹೊಂದುತ್ತದೆ. ಭಾರತದಲ್ಲಿ ಸೂಚ್ಯಂಕದ ಆಪ್ಷನ್‌ಗಳು ಮೊದಲಿನಿಂದಲೂ ಇದೇ ಮಾದರಿ, ಷೇರುಗಳ ಆಪ್ಷನ್‌ಗಳು 2011ರಿಂದ ಇದಕ್ಕೆ ಬದಲಾದವು.

ಇನ್ನು ಕಾಲ್‌ನ ಬೆಲೆಯೇ ಎಷ್ಟಿರಬೇಕು? ಇದನ್ನು ತಿಳಿಯಲು ತೀರಾ ಸರಳವಾದ ಒಂದು ಲೆಕ್ಕ ಸಾಕು. ಷೇರು ಈಗ 1,000. ತಿಂಗಳ ಕೊನೆಗೆ 1,100 ಆಗುತ್ತದೆ, ಇಲ್ಲವೇ 900. ಬೇರೆ ಸಾಧ್ಯತೆ ಇಲ್ಲ, ಬಡ್ಡಿಯೂ ಇಲ್ಲ. 1,000 ಸ್ಟ್ರೈಕ್‌ನ ಕಾಲ್ ಏರಿದರೆ 100 ಕೊಡುತ್ತದೆ, ಇಳಿದರೆ ಸೊನ್ನೆ. ಏರುವ ಸಾಧ್ಯತೆ ಶೇ 80 ಇದೆ ಎಂದು ಎಲ್ಲರೂ ಒಪ್ಪಿದ್ದಾರೆ. ಹಾಗಿದ್ದರೆ ಕಾಲ್‌ಗೆ 80 ರೂಪಾಯಿ ಕೊಡಬಹುದು ಎನಿಸುತ್ತದೆ. ಆದರೆ 80ಕ್ಕೆ ಕೊಳ್ಳುವವರು ಸಿಕ್ಕರೆ ವ್ಯಾಪಾರಿ ಅವರಿಗೆ ಎರಡು ಕಾಲ್ ಮಾರಿ 160 ಪಡೆಯುತ್ತಾನೆ, ಕೈಯಿಂದ 840 ಸೇರಿಸಿ ಒಂದು ಷೇರು ಕೊಳ್ಳುತ್ತಾನೆ. ಷೇರು ಏರಿದರೆ 1,100ರಲ್ಲಿ 200 ಕೊಟ್ಟು 900 ಉಳಿಯುತ್ತದೆ. ಇಳಿದರೆ ಕೊಡುವುದು ಏನೂ ಇಲ್ಲ, ಷೇರಿನ 900 ಉಳಿಯುತ್ತದೆ. 840 ಹಾಕಿದವನಿಗೆ 900 ಖಚಿತ. ಈ ಖಚಿತ ಲಾಭ ಸೊನ್ನೆಯಾಗುವುದು ಎರಡು ಕಾಲ್‌ಗಳ ಬೆಲೆ 100 ಆದಾಗ, ಅಂದರೆ ಒಂದಕ್ಕೆ 50 ಆದಾಗ. ಏರುವ ಸಾಧ್ಯತೆ ಶೇ 80 ಇರಲಿ, ಶೇ 30 ಇರಲಿ, ಬೆಲೆ 50 ರೂಪಾಯಿಯೇ. ಆಪ್ಷನ್ ಸಿದ್ಧಾಂತದಲ್ಲಿ ಇಷ್ಟು ಅಚ್ಚರಿಯ, ಇಷ್ಟು ಗಟ್ಟಿಯಾದ ಫಲಿತಾಂಶ ಇನ್ನೊಂದಿಲ್ಲ. ಬೆಲೆಯನ್ನು ನಿರ್ಧರಿಸುವುದು ಷೇರು ಯಾವ ಕಡೆ ಹೋಗುತ್ತದೆ ಎಂಬುದಲ್ಲ, ಎಷ್ಟು ದೂರ ಹೋಗಬಲ್ಲದು ಎಂಬುದು. 1,100 ಮತ್ತು 900ರ ಬದಲು 1,200 ಮತ್ತು 800 ಎಂದಿಟ್ಟರೆ ಅದೇ ಕಾಲ್ 100 ರೂಪಾಯಿ ಬಾಳುತ್ತದೆ.

ಈ ಬಗೆಯ ಎರಡು ಕವಲಿನ ಲೆಕ್ಕವನ್ನು ಕಾಕ್ಸ್, ರಾಸ್, ರೂಬಿನ್‌ಸ್ಟೈನ್ 1979ರಲ್ಲಿ ಪ್ರಕಟಿಸಿದರು. ಅದಕ್ಕೆ ಆರು ವರ್ಷ ಮೊದಲೇ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಷೋಲ್ಸ್ ಇದನ್ನು ಕ್ಷಣಕ್ಷಣಕ್ಕೂ ಬದಲಾಗುವ ಬೆಲೆಗೆ ಅನ್ವಯಿಸಿ ಸಮೀಕರಣ ಕಂಡುಹಿಡಿದಿದ್ದರು. ಎರಡು ಪತ್ರಿಕೆಗಳಲ್ಲಿ ತಿರಸ್ಕೃತವಾದ ಆ ಪ್ರಬಂಧ ಕೊನೆಗೆ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿಯ 1973ರ ಸಂಚಿಕೆಯಲ್ಲಿ ಬಂತು. ಅದೇ ವರ್ಷದ ಏಪ್ರಿಲ್ 26ರಂದು ಷಿಕಾಗೋದಲ್ಲಿ ಆಪ್ಷನ್ಸ್ ವಿನಿಮಯ ಕೇಂದ್ರ ಬಾಗಿಲು ತೆರೆದಿತ್ತು. 1997ರ ನೊಬೆಲ್ ಪ್ರಶಸ್ತಿ ಷೋಲ್ಸ್ ಮತ್ತು ರಾಬರ್ಟ್ ಮರ್ಟನ್ ಅವರಿಗೆ ಸಂದಿತು. ಬ್ಲ್ಯಾಕ್ 1995ರಲ್ಲೇ ತೀರಿಕೊಂಡಿದ್ದರು.

ಅವರ ಸೂತ್ರಕ್ಕೆ ಬೇಕಾದದ್ದು ಷೇರಿನ ಬೆಲೆ, ಸ್ಟ್ರೈಕ್, ಉಳಿದ ಸಮಯ, ಬಡ್ಡಿದರ ಮತ್ತು ಏರಿಳಿತದ ಪ್ರಮಾಣ. ಮೊದಲ ನಾಲ್ಕು ಎಲ್ಲರ ಕಣ್ಣಿಗೂ ಕಾಣುತ್ತವೆ. ಐದನೆಯದು ಮಾತ್ರ ಅಂದಾಜು. ಆದ್ದರಿಂದ ವ್ಯಾಪಾರಿಗಳು ಸೂತ್ರವನ್ನು ಹಿಂದುಮುಂದಾಗಿ ಬಳಸುತ್ತಾರೆ: ಮಾರುಕಟ್ಟೆಯಲ್ಲಿರುವ ಪ್ರೀಮಿಯಂ ಹಾಕಿ, ಅದು ಎಷ್ಟು ಏರಿಳಿತವನ್ನು ಒಳಗೊಂಡಿದೆ ಎಂದು ಕಂಡುಕೊಳ್ಳುತ್ತಾರೆ. ಇದಕ್ಕೆ ಇಂಪ್ಲೈಡ್ ವೊಲಟಿಲಿಟಿ, ಚಿಕ್ಕದಾಗಿ ಐವಿ ಎನ್ನುತ್ತಾರೆ. ನಿಫ್ಟಿ ಆಪ್ಷನ್‌ಗಳಿಂದ ಲೆಕ್ಕ ಹಾಕುವ ಇಂಡಿಯಾ ವಿಕ್ಸ್ ಇದೇ ಬಗೆಯ ಅಳತೆ. ವಿಕ್ಸ್ 15 ಇದ್ದರೆ ಮುಂದಿನ ಒಂದು ತಿಂಗಳಲ್ಲಿ ನಿಫ್ಟಿ ಮೇಲೆ ಅಥವಾ ಕೆಳಗೆ ಸುಮಾರು ಶೇ 4.3ರಷ್ಟು ಅಲುಗಾಡುವುದನ್ನು ಸಾಮಾನ್ಯವೆಂದು ಪ್ರೀಮಿಯಂಗಳು ಎಣಿಸಿವೆ ಎಂದರ್ಥ. 2020ರ ಮಾರ್ಚ್‌ನಲ್ಲಿ ಅದು 80 ದಾಟಿತ್ತು. ಬಜೆಟ್ ಅಥವಾ ಚುನಾವಣಾ ಫಲಿತಾಂಶದ ಮುನ್ನಾದಿನ ಕಾಲ್ ಕೊಂಡವರು ಮಾರುಕಟ್ಟೆ ತಾವು ಎಣಿಸಿದಂತೆ ಏರಿದರೂ ಹಣ ಕಳೆದುಕೊಳ್ಳುವುದುಂಟು. ಅನಿಶ್ಚಿತತೆ ಮುಗಿದ ಕೂಡಲೇ ಐವಿ ಕುಸಿದು ಪ್ರೀಮಿಯಂ ಸೋರಿಹೋಗಿರುತ್ತದೆ.

ಸೂತ್ರವೇ ಪರಿಪೂರ್ಣವಲ್ಲ. ದೊಡ್ಡ ಕುಸಿತಗಳು ಅದು ಊಹಿಸುವುದಕ್ಕಿಂತ ಹೆಚ್ಚು ಬಾರಿ ಬರುತ್ತವೆ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೋ ಜೋನ್ಸ್ ಒಂದೇ ದಿನ ಶೇ 22.6 ಬಿತ್ತು. ಅಂದಿನಿಂದ ತೀರಾ ಕೆಳಗಿನ ಸ್ಟ್ರೈಕ್‌ನ ಸೂಚ್ಯಂಕ ಪುಟ್‌ಗಳು ಸೂತ್ರ ಹೇಳುವುದಕ್ಕಿಂತ ದುಬಾರಿಯಾಗಿಯೇ ಇವೆ. ಭಯಕ್ಕೂ ಮಾರುಕಟ್ಟೆ ಬೆಲೆ ಕಟ್ಟಿತು.

ಆರ್ಬಿಟ್ರೇಜ್ ಎಂಬ ಹೆಸರೇ ಸುರಕ್ಷತೆಯ ಖಾತರಿ ಎಂದು ನಂಬಿ ಮುಳುಗಿದವರ ಪಟ್ಟಿಯೂ ಚಿಕ್ಕದಲ್ಲ. ಜಪಾನಿನ ನಿಕ್ಕೈ ಸೂಚ್ಯಂಕದ ಫ್ಯೂಚರ್ಸ್ ಒಸಾಕಾದಲ್ಲೂ ಸಿಂಗಪುರದಲ್ಲೂ ವಹಿವಾಟಾಗುತ್ತಿತ್ತು. ಎರಡರ ನಡುವಿನ ಸಣ್ಣ ಅಂತರದಿಂದ ತಮ್ಮ ಸಿಂಗಪುರ ಕಚೇರಿಯ ನಿಕ್ ಲೀಸನ್ ಅಪಾಯವಿಲ್ಲದ ಲಾಭ ತರುತ್ತಿದ್ದಾರೆ ಎಂದು ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ನಂಬಿತ್ತು. ಅವರು ಮಾಡುತ್ತಿದ್ದದ್ದು ಒಂದೇ ದಿಕ್ಕಿನ ಬಾಜಿ ಮತ್ತು ಆಪ್ಷನ್ ಮಾರಾಟ. ನಷ್ಟವನ್ನು 88888 ಎಂಬ ಗುಪ್ತ ಖಾತೆಯಲ್ಲಿ ಅಡಗಿಸಿದ್ದರು. 1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಗಿ ನಿಕ್ಕೈ ಕುಸಿಯಿತು. 82.7 ಕೋಟಿ ಪೌಂಡ್ ನಷ್ಟದೊಂದಿಗೆ 1762ರಲ್ಲಿ ಸ್ಥಾಪನೆಯಾದ ಬ್ಯಾಂಕ್ ಒಂದು ಪೌಂಡ್‌ಗೆ ಮಾರಾಟವಾಯಿತು. ಆರ್ಬಿಟ್ರೇಜ್‌ನಲ್ಲಿ ಅಷ್ಟು ದೊಡ್ಡ ಲಾಭ ಬರುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದರೂ ಬ್ಯಾಂಕ್ ಉಳಿಯುತ್ತಿತ್ತು.

ನೊಬೆಲ್ ಪಡೆದ ಷೋಲ್ಸ್ ಮತ್ತು ಮರ್ಟನ್ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಹೂಡಿಕೆ ಸಂಸ್ಥೆ ವಂಚಿಸಲಿಲ್ಲ. ಹತ್ತಿರ ಬರಲೇಬೇಕಾದ ಎರಡು ಬೆಲೆಗಳ ಮೇಲೆ ತನ್ನ ಬಂಡವಾಳದ ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು ಹಣ ತೊಡಗಿಸಿತ್ತು. 1998ರ ಆಗಸ್ಟ್‌ನಲ್ಲಿ ರಷ್ಯಾ ಸಾಲ ತೀರಿಸಲಾರೆನೆಂದಾಗ ಆ ಬೆಲೆಗಳು ಹತ್ತಿರ ಬರುವ ಬದಲು ದೂರ ಸರಿದವು. ಕಾಯಲು ಹಣ ಉಳಿಯಲಿಲ್ಲ. 14 ಹಣಕಾಸು ಸಂಸ್ಥೆಗಳು 360 ಕೋಟಿ ಡಾಲರ್ ಸುರಿದು ಅದರ ಕುಸಿತವನ್ನು ತಡೆದವು.

ಆರ್ಬಿಟ್ರೇಜ್ ಎಲ್ಲಿ ಮುಗಿಯುತ್ತದೆ, ಬೆಲೆ ತಿರುಚುವುದು ಎಲ್ಲಿ ಶುರುವಾಗುತ್ತದೆ ಎಂಬ ವಾದ ಭಾರತದಲ್ಲೂ ಎದ್ದಿದೆ. 2025ರ ಜುಲೈ 3ರಂದು ಸೆಬಿ ಅಮೆರಿಕದ ಜೇನ್ ಸ್ಟ್ರೀಟ್ ಸಮೂಹದ ವಿರುದ್ಧ ಮಧ್ಯಂತರ ಆದೇಶ ಹೊರಡಿಸಿ 4,843 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ತಡೆಹಿಡಿಯಿತು. ಬೆಳಿಗ್ಗೆ ಬ್ಯಾಂಕ್ ನಿಫ್ಟಿಯ ಷೇರು, ಫ್ಯೂಚರ್ಸ್‌ಗಳನ್ನು ಭಾರಿ ಪ್ರಮಾಣದಲ್ಲಿ ಕೊಂಡು ಸೂಚ್ಯಂಕವನ್ನು ಎತ್ತಿ, ಆಪ್ಷನ್ಸ್‌ನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ವಿರುದ್ಧ ದಿಕ್ಕಿನ ಸ್ಥಾನ ಕಟ್ಟಿ, ಆಮೇಲೆ ಷೇರುಗಳನ್ನು ಮಾರಿದರು ಎಂಬುದು ಆರೋಪ. ಅದನ್ನು ನಿರಾಕರಿಸಿದ ಸಮೂಹ, ತಾನು ಮಾಡಿದ್ದು ಸಾಮಾನ್ಯ ಸೂಚ್ಯಂಕ ಆರ್ಬಿಟ್ರೇಜ್ ಎಂದು ವಾದಿಸಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಯಿತು. ತತ್ವದಲ್ಲಿ ಗೆರೆ ಸ್ಪಷ್ಟವಿದೆ. ಆರ್ಬಿಟ್ರೇಜ್‌ನಲ್ಲಿ ಕೊಂಡದ್ದು ಮತ್ತು ಮಾರಿದ್ದು ಸರಿಸಮ ಇರಬೇಕು, ವ್ಯಾಪಾರಿ ಇರುವ ಅಂತರವನ್ನು ಮುಚ್ಚಬೇಕು, ಹೊಸ ಅಂತರ ಹುಟ್ಟಿಸಬಾರದು.

ಇಂದು ಈ ಅಂತರಗಳು ಹುಟ್ಟಿ ಮುಚ್ಚುವುದು ಮನುಷ್ಯರ ಕಣ್ಣಿಗೆ ಕಾಣದ ವೇಗದಲ್ಲಿ. ವಿನಿಮಯ ಕೇಂದ್ರದ ಕಟ್ಟಡದೊಳಗೇ ಸರ್ವರ್ ಇಟ್ಟ ಸಂಸ್ಥೆಗಳ ಪ್ರೋಗ್ರಾಂಗಳು ಆ ಕೆಲಸ ಮಾಡುತ್ತವೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಬಿಡಿ ವ್ಯಾಪಾರಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. 2023–24ರಲ್ಲಿ ವಿದೇಶಿ ಹೂಡಿಕೆದಾರರ ಲಾಭದ ಶೇ 97 ಮತ್ತು ಸ್ವಂತ ಖಾತೆಯಲ್ಲಿ ವ್ಯಾಪಾರ ಮಾಡುವ ಸಂಸ್ಥೆಗಳ ಲಾಭದ ಶೇ 96 ಬಂದದ್ದು ಇಂಥ ಸ್ವಯಂಚಾಲಿತ ವಹಿವಾಟಿನಿಂದ. ಮೊಬೈಲಿನಲ್ಲಿ ಆಪ್ಷನ್ ಕೊಳ್ಳುವವರಿಗೆ ಎದುರು ನಿಂತು ಮಾರುತ್ತಿರುವವರು ಬಡ್ಡಿ, ಸಮಯ, ಏರಿಳಿತಗಳ ಲೆಕ್ಕ ಮುಗಿಸಿಯೇ ಬೆಲೆ ಹೇಳಿರುತ್ತಾರೆ. ಪ್ರೀಮಿಯಂ ಅಗ್ಗವೋ ತುಟ್ಟಿಯೋ ಎಂದು ರೂಪಾಯಿಯಲ್ಲಿ ಮಾತ್ರ ನೋಡದೆ, ಎಲ್ಲ ಸ್ಟ್ರೈಕ್‌ಗಳ ಬೆಲೆ ತೋರಿಸುವ ಆಪ್ಷನ್ ಚೈನ್ ಪಟ್ಟಿಯಲ್ಲಿ ಅದರ ಜೊತೆಗೇ ಕಾಣುವ ಐವಿ ಎಂಬ ಅಂಕಣವನ್ನೂ, ಅದೇ ಸ್ಟ್ರೈಕ್‌ನ ಪುಟ್ ಬೆಲೆಯನ್ನೂ ಓದಿದ ಮೇಲೆಯೇ ಕೊಳ್ಳುವ ಗುಂಡಿ ಒತ್ತಬೇಕು.